ಕಿವಿಗೊಡುವುದರ ವೆಚ್ಚ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಈಶಾನ್ಯ ಮೂಲೆಯಲ್ಲಿ ಮೇನ್ ಎಂಬ ರಾಜ್ಯವುಂಟು. ಅದರ ತೀರದಾಚೆ, ಅಟ್ಲಾಂಟಿಕ್ ಸಾಗರದಲ್ಲಿ, ಗ್ರೇಟ್ ಡಕ್ ಐಲೆಂಡ್ ಎಂಬ ಪುಟ್ಟ ದ್ವೀಪವಿದೆ. ಅದರ ವಿಸ್ತಾರ ಸುಮಾರು 237 ಎಕರೆ ಮಾತ್ರ. ಬೇಸಗೆಯಲ್ಲಿ ಈ ದ್ವೀಪಕ್ಕೆ ಲೀಚ್ ಸ್ಟಾರ್ಮ್ ಪೆಟ್ರೆಲ್ ಎಂಬ ಕಡಲ ಹಕ್ಕಿಗಳು ಸಂತಾನಕ್ಕಾಗಿ ಬರುತ್ತವೆ. ನಮ್ಮ ಗೊರವಂಕಕ್ಕಿಂತ ಕೊಂಚ ಸಣ್ಣದಾದ ಈ ಹಕ್ಕಿ ಹಗಲೆಲ್ಲ ಕಡಲ ಮೇಲಿದ್ದು, ಕತ್ತಲಾದ ಮೇಲೆ ನೆಲಕ್ಕೆ ಬರುವುದು. ಮರದಲ್ಲಿ ಗೂಡು ಕಟ್ಟುವ ಪದ್ಧತಿ ಅದಕ್ಕಿಲ್ಲ. ಮೆದು ಮಣ್ಣಿನಲ್ಲಿ ಬಿಲ ತೋಡಿ, ಅದರ ಕೊನೆಯಲ್ಲಿ ಒಂದೇ ಒಂದು ಮೊಟ್ಟೆಯನ್ನಿಟ್ಟು, ಗಂಡು ಹೆಣ್ಣುಗಳೆರಡೂ ಸರದಿಯಂತೆ ಕಾವು ಕೊಡುವುವು.

ಈ ಹಕ್ಕಿ ಇಂಥ ಬಿಲವನ್ನೇ ಏಕೆ ಆರಿಸಿಕೊಳ್ಳುತ್ತದೆ? ಒಳಗಿನ ಉಷ್ಣತೆ ಎಷ್ಟು, ತೇವ ಎಷ್ಟು? ಹಕ್ಕಿ ಯಾವಾಗ ಒಳಗಿರುತ್ತದೆ, ಯಾವಾಗ ಹೊರಗೆ ಹೋಗುತ್ತದೆ? ಪಕ್ಷಿಶಾಸ್ತ್ರಜ್ಞರಿಗೆ ಇವು ಮುಖ್ಯವಾದ ಪ್ರಶ್ನೆಗಳು. ಆದರೆ ಉತ್ತರವನ್ನು ಹುಡುಕಲು ಬಿಲದೊಳಗೆ ಕೈ ಹಾಕುವಂತಿಲ್ಲ. ಕಾವು ಕೊಡಲಾರಂಭಿಸಿದ ಮೊದಲ ಎರಡು ವಾರಗಳಲ್ಲಿ ಯಾರಾದರೂ ತೊಂದರೆ ಕೊಟ್ಟರೆ, ಹಕ್ಕಿ ಮೊಟ್ಟೆಯನ್ನೂ ಬಿಲವನ್ನೂ ತೊರೆದು ಹೊರಟುಹೋಗುವ ಸಂಭವ ಹೆಚ್ಚು. ಅರಿಯಬೇಕೆಂದು ಹೋದವನ ಕೈಯಿಂದಲೇ ಅರಿಯಬೇಕಾದ ವಸ್ತು ನಾಶವಾಗುವ ವಿಪರೀತ ಪ್ರಸಂಗ ಇದು.

2002ನೆಯ ಇಸವಿಯಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್‌ಲಿ ಶಾಖೆ, ಅದೇ ಊರಿನಲ್ಲಿದ್ದ ಇಂಟೆಲ್ ಸಂಶೋಧನಾಲಯ ಮತ್ತು ಮೇನ್ ರಾಜ್ಯದ ಕಾಲೇಜ್ ಆಫ್ ದಿ ಅಟ್ಲಾಂಟಿಕ್, ಇವುಗಳ ವಿಜ್ಞಾನಿಗಳು ಒಟ್ಟುಗೂಡಿ ಇದಕ್ಕೊಂದು ಉಪಾಯವನ್ನು ಪ್ರಯೋಗಿಸಿದರು. ಆ ವರ್ಷದ ಜುಲೈ ತಿಂಗಳಿನಲ್ಲಿ ಅಂಗೈಯೊಳಗೆ ಅಡಗುವ 32 ಪುಟ್ಟ ಉಪಕರಣಗಳನ್ನು, ಕೆಲವನ್ನು ಬಿಲಗಳೊಳಗೂ ಕೆಲವನ್ನು ನೆಲದ ಮೇಲೂ ಇಟ್ಟರು. ಉಷ್ಣತೆ, ಆರ್ದ್ರತೆ, ವಾಯುಭಾರ, ಬೆಳಕು ಇವುಗಳನ್ನು ಅಳೆಯುವ ಅಂಗಗಳು, ಒಂದು ಸಣ್ಣ ಗಣಕ, ಒಂದು ಸಣ್ಣ ರೇಡಿಯೊ, ಎರಡು ಸೆಲ್ಲುಗಳು: ಇಷ್ಟೇ ಆ ಉಪಕರಣ. ಧೂಳಿನ ಕಣ ಎಂಬ ಅರ್ಥದ ‘ಮೋಟ್’ ಎಂಬ ಹೆಸರು ಇದಕ್ಕೆ ಬಂದಿದೆ. ಇಂಥ ಅನೇಕ ಘಟಕಗಳು ತಂತಿಯಿಲ್ಲದೆ ರೇಡಿಯೊ ಅಲೆಗಳ ಮೂಲಕ ಪರಸ್ಪರ ಸಂಬಂಧವಿರಿಸಿಕೊಂಡು, ತಾವು ಅಳೆದುದನ್ನು ಒಂದು ಕೇಂದ್ರಕ್ಕೆ ಮುಟ್ಟಿಸುವ ವ್ಯವಸ್ಥೆಗೆ ನಿಸ್ತಂತು ಸಂವೇದಕ ಜಾಲ ಎಂದು ಹೆಸರು. ದ್ವೀಪದ ಕೇಂದ್ರಕ್ಕೆ ಸೂರ್ಯರಶ್ಮಿಯಿಂದ ವಿದ್ಯುತ್ತನ್ನು ಪಡೆಯುವ ಫಲಕಗಳಿದ್ದುವು. ಅಲ್ಲಿಂದ ಮುಂದೆ ಉಪಗ್ರಹದ ಮೂಲಕ ಅಂಕಿಗಳು ಹೊರಜಗತ್ತಿಗೆ ಹೋಗುತ್ತಿದ್ದುವು.

ಬಿಲದ ಕತ್ತಲೆಯಲ್ಲಿರುವ ಘಟಕಕ್ಕಾದರೋ ಸೂರ್ಯನ ಸಹಾಯವಿಲ್ಲ. ಅದರ ಸರ್ವಸ್ವವೂ ಆ ಎರಡು ಸೆಲ್ಲುಗಳಲ್ಲಿಯೇ ಅಡಗಿದೆ. ಸೆಲ್ ಮುಗಿದರೆ ಹೊಸದನ್ನು ಹಾಕಬಹುದಲ್ಲ ಎಂದು ನೀವು ಕೇಳಬಹುದು. ಹಾಕಬೇಕಾದರೆ ಬಿಲದೊಳಗೆ ಕೈ ಹೋಗಬೇಕು! ಯಾವ ಅನರ್ಥವನ್ನು ತಪ್ಪಿಸಲು ಇಷ್ಟೆಲ್ಲ ಹೂಡಿದರೋ ಅದೇ ಅನರ್ಥ ಮತ್ತೆ ಬಂದೊದಗುವುದು. ಆದಕಾರಣ ಈ ಉಪಕರಣದ ಶಕ್ತಿಯ ಲೆಕ್ಕ ಬರಿಯ ಹಣದ ಲೆಕ್ಕವಲ್ಲ. ಮೊಟ್ಟೆಯೊಳಗಿನ ಜೀವದ ಲೆಕ್ಕವೂ ಅಹುದು.

ದಿನವೊಂದರ ಪಡಿ

ಗೋಡೆಯ ಗಡಿಯಾರಕ್ಕೆ ಹಾಕುವಂಥ ಸೆಲ್ಲುಗಳನ್ನೇ ಈ ಘಟಕಗಳಿಗೂ ಹಾಕಿದ್ದರು. ಒಂದು ಆಂಪೇರಿನ ಸಾವಿರದ ಒಂದು ಭಾಗದಷ್ಟು ವಿದ್ಯುತ್ ಪ್ರವಾಹ ಒಂದು ಗಂಟೆಯ ಕಾಲ ಹರಿದರೆ ಒಂದು ಮಿಲಿಆಂಪೇರ್-ಗಂಟೆ ವೆಚ್ಚವಾಯಿತೆನ್ನುವರು. ಒಂದರ ಹಿಂದೆ ಒಂದು ಜೋಡಿಸಿದ ಎರಡು ಸೆಲ್ಲುಗಳಿಂದ ಖಂಡಿತವಾಗಿ ದೊರೆಯುವುದು ಸುಮಾರು 2200 ಮಿಲಿಆಂಪೇರ್-ಗಂಟೆ ಎಂದು ಸಂಶೋಧಕರು ಎಣಿಸಿದರು. ಅದು ಒಂಬತ್ತು ತಿಂಗಳು, ಎಂದರೆ 270 ದಿನ ಬಾಳಬೇಕು. ಭಾಗಿಸಿದರೆ ದಿನವೊಂದಕ್ಕೆ 8.148 ಮಿಲಿಆಂಪೇರ್-ಗಂಟೆ ಬರುವುದು. ಇದೇ ಘಟಕದ ದಿನದ ಪಡಿ. ಅಳೆಯುವುದು, ಎಣಿಸುವುದು, ಹೇಳುವುದು, ಕೇಳುವುದು, ಎಲ್ಲವೂ ಇದರೊಳಗೇ ಆಗಬೇಕು.

ಇನ್ನು ವೆಚ್ಚದ ಕಡೆಯನ್ನು ನೋಡೋಣ. ಇಲ್ಲಿಯ ಮೊತ್ತಗಳು ಬಹಳ ಸಣ್ಣವಾದುದರಿಂದ, ಮಿಲಿಆಂಪೇರ್-ಗಂಟೆಯ ಹತ್ತು ಲಕ್ಷದ ಒಂದು ಭಾಗವಾದ ನ್ಯಾನೊಆಂಪೇರ್-ಗಂಟೆಯನ್ನು ಮಾನವಾಗಿ ಇಟ್ಟುಕೊಳ್ಳುವುದು ಅನುಕೂಲ. ಆ ಘಟಕಗಳಲ್ಲಿ ಒಂದು ಸಂದೇಶವನ್ನು ಕಳುಹಿಸಲು 20 ನ್ಯಾನೊಆಂಪೇರ್-ಗಂಟೆ ಬೇಕಾಗುತ್ತಿತ್ತು. ಒಂದು ಸಂದೇಶವನ್ನು ಪಡೆಯಲು 8. ಒಂದು ಸಲ ಅಳತೆ ಮಾಡಲು ಸುಮಾರು 1. ರೇಡಿಯೊವನ್ನು ತೆರೆದಿಟ್ಟು, ಯಾರಾದರೂ ಮಾತನಾಡುವರೇ ಎಂದು ಸುಮ್ಮನೆ ಕಿವಿಗೊಟ್ಟಿರಲು, ಸೆಕೆಂಡಿನ ಸಾವಿರದ ಒಂದು ಭಾಗವಾದ ಪ್ರತಿ ಮಿಲಿಸೆಕೆಂಡಿಗೂ 1.25.

ಮೇಲುನೋಟಕ್ಕೆ ಮಾತಿನ ವೆಚ್ಚವೇ ಹೆಚ್ಚೆಂದೂ ಕೇಳುವುದರ ವೆಚ್ಚ ಅಲ್ಪವೆಂದೂ ತೋರುವುದು. ಆದರೆ ಲೆಕ್ಕ ಮಾಡಿ ನೋಡಿ. ಘಟಕವು 70 ಸೆಕೆಂಡುಗಳಿಗೊಮ್ಮೆ ಒಂದು ಸಂದೇಶವನ್ನು ಕಳುಹಿಸುವುದಾದರೆ, ದಿನಕ್ಕೆ 1234 ಸಂದೇಶಗಳಾದುವು. ಅವೆಲ್ಲಕ್ಕೂ ಸೇರಿ ಆಗುವ ವೆಚ್ಚ 0.025 ಮಿಲಿಆಂಪೇರ್-ಗಂಟೆ. ದಿನದ ಪಡಿಯಲ್ಲಿ ಇದು ಮುನ್ನೂರ ಮೂವತ್ತರ ಒಂದು ಭಾಗ ಮಾತ್ರ. ಅದೇ ಘಟಕ ದಿನವೆಲ್ಲ ಕಿವಿಗೊಟ್ಟು ಕುಳಿತರೆ? ಗಂಟೆಗೆ 4.5ರಂತೆ ಇಪ್ಪತ್ತನಾಲ್ಕು ಗಂಟೆಗೆ 108 ಮಿಲಿಆಂಪೇರ್-ಗಂಟೆ. ಎರಡು ಗಂಟೆ ಪೂರ್ತಿಯಾಗುವ ಮೊದಲೇ ದಿನದ ಪಡಿ ಮುಗಿಯಿತು. ಒಂಬತ್ತು ತಿಂಗಳು ಬಾಳಬೇಕಾದ ಸೆಲ್ಲುಗಳು ಇಪ್ಪತ್ತನೆಯ ದಿನಕ್ಕೆ ಬರಿದಾದುವು. ಮಾತನಾಡುವುದಕ್ಕಿಂತ ಯಾರೂ ಆಡದ ಮಾತಿಗೆ ಕಾದು ಕುಳಿತಿರುವುದು ನಾಲ್ಕು ಸಾವಿರ ಮಡಿಗೂ ಮಿಗಿಲಾದ ವೆಚ್ಚವೆಂದಾಯಿತು.

ಏಕೆ ಹೀಗೆ?

ಇದು ನಮ್ಮ ರೂಢಿಯ ಅನುಭವಕ್ಕೆ ವಿರುದ್ಧವಾಗಿ ಕಾಣುತ್ತದೆ. ಆಕಾಶವಾಣಿಯ ಪ್ರಸಾರಕ್ಕೆ ಅನೇಕ ಕಿಲೊವಾಟ್ ವಿದ್ಯುತ್ತು ಬೇಕು. ಅದನ್ನು ಕೇಳುವ ರೇಡಿಯೊ ಕೆಲವು ಸೆಲ್ಲುಗಳಿಂದ ವಾರಗಟ್ಟಲೆ ನಡೆಯುತ್ತದೆ. ಕೂಗುವವನಿಗೆ ಆಯಾಸ, ಕೇಳುವವನಿಗೆ ಸುಖ ಎಂಬುದೇ ಅಲ್ಲಿಯ ನಿಯಮ. ಏಕೆಂದರೆ ಆ ಧ್ವನಿ ನೂರಾರು ಮೈಲಿ ದೂರ ಮುಟ್ಟಬೇಕು. ನಮ್ಮ ಪುಟ್ಟ ಘಟಕದ ಮಾತು ಮುಟ್ಟಬೇಕಾದುದು ಕೆಲವು ಹತ್ತು ಮೀಟರುಗಳಷ್ಟು ದೂರಕ್ಕೆ ಮಾತ್ರ. ಆಂಟೆನಾದಿಂದ ಹೊರಹೊಮ್ಮುವ ಅಲೆಗಳ ಶಕ್ತಿ ಒಂದು ಮಿಲಿವಾಟಿನ ಆಸುಪಾಸು. ಅಲೆಗೆ ಹೋಗುವ ಶಕ್ತಿ ಇಷ್ಟು ಕಡಮೆಯಾದ ಮೇಲೆ, ರೇಡಿಯೊದ ಒಳಗಿನ ಮಂಡಲಗಳನ್ನು ಚಾಲನೆಯಲ್ಲಿಡುವ ವೆಚ್ಚವೇ ಪ್ರಧಾನವಾಗುವುದು.

ಕೇಳುವ ರೇಡಿಯೊ ಮಾಡುವ ಕೆಲಸವೇನು? ಆಂಟೆನಾವನ್ನು ಮುಟ್ಟುವ ಅತಿ ಕ್ಷೀಣವಾದ ಸಂಕೇತವನ್ನು ಲಕ್ಷಾಂತರ ಮಡಿ ವರ್ಧಿಸಬೇಕು. ಬೇಕಾದ ಅಲೆಯನ್ನು ಬೇಡವಾದವುಗಳಿಂದ ಬೇರ್ಪಡಿಸಬೇಕು. ಅದರಲ್ಲಿ ಸಂದೇಶವುಂಟೋ ಬರಿಯ ಗೊಜಲುಂಟೋ ಎಂದು ನಿರ್ಣಯಿಸಬೇಕು. ಸಂದೇಶ ಬರಲಿ, ಬಾರದಿರಲಿ, ಈ ಮಂಡಲಗಳೆಲ್ಲ ನಡೆಯುತ್ತಲೇ ಇರಬೇಕು. ಮುಂದೆ ಬಂದ ಕೆಲವು ಘಟಕಗಳಲ್ಲಿ ಈ ಸಂಗತಿ ಇನ್ನೂ ಸ್ಪಷ್ಟವಾಗಿದೆ. 2005ರ ಹೊತ್ತಿಗೆ ಪ್ರಸಿದ್ಧವಾದ ‘ಟೆಲೋಸ್’ ಎಂಬ ಘಟಕದಲ್ಲಿದ್ದ ರೇಡಿಯೊ ತನ್ನ ಪೂರ್ಣ ಬಲದಿಂದ ಮಾತನಾಡುವಾಗ 17.4 ಮಿಲಿಆಂಪೇರ್ ಪ್ರವಾಹವನ್ನು ಬಳಸಿದರೆ, ಕೇಳುವಾಗ 18.8 ಮಿಲಿಆಂಪೇರ್ ಬಳಸುತ್ತಿತ್ತು. ಅಲ್ಲಿ ಮಾತಿಗಿಂತ ಮೌನವೇ ದುಬಾರಿ!

ರೋಗ ಯಾವುದೆಂದು ತಿಳಿದ ಮೇಲೆ ಚಿಕಿತ್ಸೆಯೂ ಹೊಳೆಯುವುದು. ಬೇಡವಾದಾಗಲೆಲ್ಲ ರೇಡಿಯೊ ಮಲಗಿರಬೇಕು. ಗ್ರೇಟ್ ಡಕ್ ದ್ವೀಪದಲ್ಲಿ ಮೊದಲನೆಯ ವರ್ಷ ಇಟ್ಟ ಘಟಕಗಳು ಅಳೆದುದನ್ನು ನೇರವಾಗಿ ಕೇಂದ್ರಕ್ಕೆ ಹೇಳಿ ಮಲಗಿಬಿಡುತ್ತಿದ್ದುವು. ಹೇಳುವುದೊಂದೇ ಕೆಲಸವಾದರೆ ಇದು ಸುಲಭ. ಆದರೆ ಒಂದು ಘಟಕದ ಮಾತನ್ನು ಇನ್ನೊಂದು ಕೇಳಿ ಮುಂದಕ್ಕೆ ಸಾಗಿಸಬೇಕಾದಾಗ ತೊಡಕು ತಲೆದೋರುವುದು. ಮಲಗಿದವನಿಗೆ ಹೇಳುವುದು ಹೇಗೆ?

ಅಂಬಿಗನನ್ನು ಕೂಗುವ ಬಗೆ

ಇದಕ್ಕೆ ಎರಡು ಮಾರ್ಗಗಳುಂಟು. ಮೊದಲನೆಯದು ಹೊತ್ತು ಗೊತ್ತುಮಾಡಿಕೊಳ್ಳುವುದು. ನೆರೆಯ ಘಟಕಗಳೆಲ್ಲ ಒಂದೇ ಸಮಯಕ್ಕೆ ಎದ್ದು, ಹೇಳುವುದನ್ನು ಹೇಳಿ, ಕೇಳುವುದನ್ನು ಕೇಳಿ, ಒಂದೇ ಸಮಯಕ್ಕೆ ಮಲಗುವುದು. 2002ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದವರು ಪ್ರಕಟಿಸಿದ ‘ಎಸ್-ಮ್ಯಾಕ್’ ಎಂಬ ವಿಧಾನ ಈ ಜಾತಿಯದು. ಆದರೆ ಗಡಿಯಾರಗಳು ಪರಸ್ಪರ ಹೊಂದಿಕೊಂಡಿರಬೇಕಲ್ಲವೆ? ಅಗ್ಗದ ಸ್ಫಟಿಕ ಗಡಿಯಾರವು ಹತ್ತು ಲಕ್ಷ ಸೆಕೆಂಡಿಗೆ 40 ಸೆಕೆಂಡು ತಪ್ಪುವುದೆಂದು ಇಟ್ಟುಕೊಂಡರೆ, ದಿನವೊಂದಕ್ಕೆ ಸುಮಾರು ಮೂರೂವರೆ ಸೆಕೆಂಡು ತಪ್ಪಿತು. ಮಿಲಿಸೆಕೆಂಡುಗಳಲ್ಲಿ ವ್ಯವಹರಿಸುವ ಈ ಘಟಕಗಳಿಗೆ ಅದು ಯುಗಾಂತರವೇ ಸರಿ. ಆದುದರಿಂದ ಆಗಾಗ ಗಡಿಯಾರಗಳನ್ನು ಸರಿಹೊಂದಿಸಿಕೊಳ್ಳುವುದಕ್ಕಾಗಿಯೇ ಅವು ಮಾತನಾಡಬೇಕಾಗುವುದು. ಅದಕ್ಕೂ ವೆಚ್ಚ ತಗಲುವುದು.

ಎರಡನೆಯ ಮಾರ್ಗಕ್ಕೆ ನಮ್ಮ ಹೊಳೆಯ ದಡದಲ್ಲಿಯೇ ಒಂದು ದೃಷ್ಟಾಂತವಿದೆ. ಆಚೆಯ ದಡದ ಮರದ ನೆರಳಿನಲ್ಲಿ ಅಂಬಿಗನು ತೂಕಡಿಸುತ್ತಿದ್ದಾನೆ. ನಡುನಡುವೆ ಒಂದು ಗಳಿಗೆ ಎಚ್ಚರಗೊಂಡು ಕಿವಿಗೊಟ್ಟು, ಯಾರ ಕೂಗೂ ಇಲ್ಲದಿದ್ದರೆ ಮತ್ತೆ ಕಣ್ಣು ಮುಚ್ಚುತ್ತಾನೆ. ಈಚೆಯ ದಡಕ್ಕೆ ಬಂದ ಪ್ರಯಾಣಿಕನು ಒಂದೇ ಸಲ ಕೂಗಿ ಸುಮ್ಮನಾದರೆ ಪ್ರಯೋಜನವಿಲ್ಲ. ಅಂಬಿಗನ ಒಂದು ತೂಕಡಿಕೆಗಿಂತ ದೀರ್ಘವಾಗಿ ‘ಓ...’ ಎಂದು ಕೂಗುತ್ತಲೇ ಇರಬೇಕು. ಆಗ ಅವನು ಎಚ್ಚರಗೊಂಡ ಗಳಿಗೆಯಲ್ಲಿ ಕೂಗು ತಪ್ಪದೆ ಕಿವಿಗೆ ಬೀಳುವುದು. ಘಟಕಗಳೂ ಹೀಗೆಯೇ. ಕೇಳುವ ಘಟಕವು ನಿಯತಕಾಲಕ್ಕೊಮ್ಮೆ ಎದ್ದು ಕೆಲವೇ ಮಿಲಿಸೆಕೆಂಡು ಕಿವಿಗೊಡುವುದು. ಹೇಳುವ ಘಟಕವು ಸಂದೇಶಕ್ಕೆ ಮೊದಲು ಒಂದು ದೀರ್ಘವಾದ ಕರೆಯನ್ನು ಕಳುಹಿಸುವುದು. ಇಬ್ಬರ ಗಡಿಯಾರಗಳೂ ಹೊಂದಿಕೊಂಡಿರಬೇಕಾಗಿಲ್ಲ. 2004ರಲ್ಲಿ ಬರ್ಕ್‌ಲಿಯವರು ಪ್ರಕಟಿಸಿದ ‘ಬಿ-ಮ್ಯಾಕ್’ ಎಂಬ ವಿಧಾನದ ತಿರುಳು ಇದೇ.

ಆದರೆ ಅಂಬಿಗನ ಸುಖವೆಲ್ಲ ಪ್ರಯಾಣಿಕನ ಗಂಟಲಿನ ಮೇಲೆ ಬೀಳುವುದನ್ನು ಗಮನಿಸಬೇಕು. ಒಂದು ಘಟಕ ಪ್ರತಿ ಸಲವೂ 3 ಮಿಲಿಸೆಕೆಂಡು ಕಿವಿಗೊಡುವುದೆಂದೂ, ಕರೆಯುವಾಗ ಸುಮಾರು 12 ಮಿಲಿಆಂಪೇರ್ ಪ್ರವಾಹ ಬೇಕೆಂದೂ, 70 ಸೆಕೆಂಡಿಗೊಮ್ಮೆ ಒಂದು ಸಂದೇಶವೆಂದೂ ಇಟ್ಟುಕೊಳ್ಳೋಣ. ಸೆಕೆಂಡಿಗೊಮ್ಮೆ ಎದ್ದರೆ ಕೇಳುವುದಕ್ಕೆ ದಿನಕ್ಕೆ 0.32 ಮಿಲಿಆಂಪೇರ್-ಗಂಟೆ ಸಾಕು. ಆದರೆ ಪ್ರತಿ ಕರೆಯೂ ಒಂದು ಸೆಕೆಂಡು ನಡೆಯಬೇಕಾದುದರಿಂದ ಕರೆಗೆ 4.11 ಬೇಕು. ಒಟ್ಟು 4.43. ಸೆಕೆಂಡಿಗೆ ಹತ್ತು ಸಲ ಎದ್ದರೆ ಕರೆಯ ವೆಚ್ಚ 0.41ಕ್ಕೆ ಇಳಿಯುವುದು, ಕೇಳುವ ವೆಚ್ಚ 3.24ಕ್ಕೆ ಏರುವುದು. ಒಟ್ಟು 3.65. ಕಾಲು ಸೆಕೆಂಡಿಗೊಮ್ಮೆ ಎದ್ದರೆ? ಕೇಳುವುದಕ್ಕೆ 1.30, ಕರೆಯುವುದಕ್ಕೆ 1.03, ಒಟ್ಟು 2.33. ಮೂರರಲ್ಲಿ ಇದೇ ಮಿತವಾದುದು. ಹೇಳುವ ವೆಚ್ಚವೂ ಕೇಳುವ ವೆಚ್ಚವೂ ಸರಿಸಮನಾಗುವ ಸ್ಥಳದಲ್ಲಿ ಒಟ್ಟು ವೆಚ್ಚ ಕನಿಷ್ಠವಾಗುವುದೆಂದು ಗಣಿತ ಬಲ್ಲ ವಿದ್ಯಾರ್ಥಿಗಳು ತಾವೇ ಸಾಧಿಸಿ ತೋರಿಸಬಹುದು. ಸಂದೇಶಗಳು ವಿರಳವಾದಷ್ಟೂ ನಿದ್ರೆ ದೀರ್ಘವಾಗಬಹುದು ಎಂಬುದೂ ಇದರಿಂದಲೇ ಹೊರಡುವುದು.

ಬಾಗಿಲ ಬಳಿಯವರ ಕಷ್ಟ

ದೂರದ ಲೆಕ್ಕವೂ ಒಂದುಂಟು. ಬಯಲಿನಲ್ಲಿ ರೇಡಿಯೊ ಅಲೆಯ ಬಲ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವುದು. ನೆಲಕ್ಕೆ ಅಂಟಿಕೊಂಡ ಆಂಟೆನಾಗಳ ನಡುವೆ ಇನ್ನೂ ತೀವ್ರವಾಗಿ ಕುಗ್ಗುವುದು. ಆದಕಾರಣ ದೂರದ ಕೇಂದ್ರಕ್ಕೆ ಒಂದೇ ಉಸಿರಿನಲ್ಲಿ ಕೂಗುವ ಬದಲು, ನೆರೆಯವನಿಗೆ ಮೆಲ್ಲನೆ ಹೇಳಿ, ಅವನು ಮುಂದಿನವನಿಗೆ ಹೇಳುವಂತೆ ಮಾಡುವುದು ಅನೇಕ ಸಲ ಲಾಭಕರ. 2003ರಲ್ಲಿ ಅದೇ ದ್ವೀಪದಲ್ಲಿ ಹೆಚ್ಚು ಘಟಕಗಳಿಂದ ಇಂಥ ಜಾಲವನ್ನೂ ಹೂಡಿ ನೋಡಿದರು. ಆಗ ಒಂದು ಅನ್ಯಾಯ ಕಣ್ಣಿಗೆ ಬಿತ್ತು. ಇತರರ ಸಂದೇಶಗಳನ್ನು ಕೇಳಿ ಸಾಗಿಸುವ ಭಾರ ಕೆಲವು ಘಟಕಗಳ ಮೇಲೆ ಹೆಚ್ಚಾಗಿ ಬಿದ್ದು, ಅವು ಉಳಿದವುಗಳಿಗಿಂತ ಬೇಗನೆ ಸೊರಗುತ್ತಿದ್ದುವು. ಕೇಂದ್ರದ ಬಾಗಿಲ ಬಳಿಯಿರುವ ಘಟಕ ಸತ್ತರೆ, ಅದರ ಹಿಂದಿರುವ ಘಟಕಗಳು ಬದುಕಿದ್ದೂ ಮೂಕವಾಗುವುವು. ಆದುದರಿಂದ ಜಾಲದ ಆಯುಷ್ಯವನ್ನು ಒಟ್ಟು ಶಕ್ತಿಯಿಂದ ಅಳೆದರೆ ಸಾಲದು. ಭಾರ ಹೇಗೆ ಹಂಚಿದೆ ಎಂಬುದನ್ನೂ ನೋಡಬೇಕು.

ಈ ಹಂಚಿಕೆಗೆ ಒಂದು ಉಪಾಯವನ್ನು 2000ದಲ್ಲಿಯೇ ಮೆಸಾಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯವರು ಸೂಚಿಸಿದ್ದರು. ‘ಲೀಚ್’ ಎಂದು ಕರೆಯಲ್ಪಡುವ ಆ ವಿಧಾನದ ಹೆಸರಿಗೂ ನಮ್ಮ ಹಕ್ಕಿಯ ಹೆಸರಿಗೂ ಕಿವಿಗೆ ಸಾಮ್ಯವಿರುವುದು ಆಕಸ್ಮಿಕ. ಅದರಲ್ಲಿ ಘಟಕಗಳು ಗುಂಪು ಗುಂಪಾಗಿ ಸೇರಿ, ಪ್ರತಿ ಗುಂಪಿಗೂ ಒಬ್ಬ ಮುಖ್ಯಸ್ಥನನ್ನು ಇಟ್ಟುಕೊಳ್ಳುವುವು. ಮುಖ್ಯಸ್ಥನು ತನ್ನವರ ಅಂಕಿಗಳನ್ನು ಕೂಡಿಸಿ, ಸಂಕ್ಷೇಪಿಸಿ, ಒಂದೇ ಸಂದೇಶವಾಗಿ ಕೇಂದ್ರಕ್ಕೆ ಕಳುಹಿಸುವನು. ಈ ಕಷ್ಟದ ಪದವಿ ಯಾರಿಗೂ ಶಾಶ್ವತವಲ್ಲ. ಸರದಿಯಂತೆ ಎಲ್ಲರಿಗೂ ಬರುವುದು. ಯೋಚಿಸಿ ಕಡಮೆ ಮಾತನಾಡುವುದು, ಯೋಚಿಸದೆ ಎಲ್ಲವನ್ನೂ ಹೇಳಿಬಿಡುವುದಕ್ಕಿಂತ ಅಗ್ಗವೆಂಬುದು ಇಲ್ಲಿ ಅಡಗಿರುವ ಇನ್ನೊಂದು ತತ್ತ್ವ.

ಎಷ್ಟು ಮಲಗಬಹುದು?

ಹಾಗಾದರೆ ಘಟಕವನ್ನು ದಿನವೆಲ್ಲ ಮಲಗಿಸಿಬಿಟ್ಟರೆ ಆಯಿತಲ್ಲ ಎನ್ನಬಹುದು. ಆದರೆ ಮಲಗಿರುವ ಕಾವಲುಗಾರನ ಮುಂದೆಯೇ ಕಳವು ನಡೆಯಬಹುದು. ಎಷ್ಟು ಮಲಗಬಹುದೆಂಬುದನ್ನು ನಿರ್ಣಯಿಸುವುದು ಸೆಲ್ಲಲ್ಲ, ಅಳೆಯಬೇಕಾದ ವಸ್ತುವಿನ ಸ್ವಭಾವ.

ಭಾರತದಲ್ಲಿ ನಡೆದ ಎರಡು ಪ್ರಯೋಗಗಳನ್ನು ಹೋಲಿಸಿದರೆ ಇದು ಚೆನ್ನಾಗಿ ತಿಳಿಯುವುದು. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ತಂತ್ರಜ್ಞಾನ ಸಂಸ್ಥೆಯವರೂ ಸೇರಿ, ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಇಂಥ ಜಾಲವನ್ನು ಹೂಡಿದ್ದರು. ಮಳೆಯನ್ನೇ ನಂಬಿ ಕಡಲೆಕಾಯಿ ಬೆಳೆಯುವ ಸಣ್ಣ ರೈತರಿಗೆ ಮಣ್ಣಿನ ತೇವವನ್ನು ಅಳೆದು ನೆರವಾಗುವುದು ಅದರ ಉದ್ದೇಶ. ಮಣ್ಣಿನ ತೇವವಾದರೋ ಕ್ಷಣಕ್ಷಣಕ್ಕೂ ಬದಲಾಗುವ ವಸ್ತುವಲ್ಲ. ಮಳೆ ಬಿದ್ದ ಹೊಲ ಒಣಗಲು ದಿನಗಳೇ ಬೇಕು. ಅಲ್ಲಿ ಘಟಕವು ಬಹಳ ಹೊತ್ತು ಮಲಗಿದರೂ ನಷ್ಟವಿಲ್ಲ.

ಕೇರಳದ ಇಡುಕ್ಕಿ ಜಿಲ್ಲೆಯ ಮುನ್ನಾರ್ ಬೆಟ್ಟಗಳಲ್ಲಿ ಅಮೃತ ವಿಶ್ವವಿದ್ಯಾಪೀಠದವರು ಹೂಡಿದ ಜಾಲದ ಸ್ಥಿತಿ ಬೇರೆ. ಅದು ಭೂಕುಸಿತದ ಮುನ್ಸೂಚನೆಗಾಗಿ ಇರುವುದು. ಮಳೆಯ ಪ್ರಮಾಣ, ಮಣ್ಣಿನ ರಂಧ್ರಗಳಲ್ಲಿ ತುಂಬಿದ ನೀರಿನ ಒತ್ತಡ, ನೆಲದ ಓಲಾಟ ಇವುಗಳನ್ನು ಅದು ಅಳೆಯುವುದು. 2009ರ ಮಳೆಗಾಲದಲ್ಲಿ ಅಪಾಯದ ಲಕ್ಷಣಗಳು ಕಂಡಾಗ ಆ ಜಾಲದ ಆಧಾರದಿಂದ ಎಚ್ಚರಿಕೆ ಹೊರಟಿತ್ತು. ಅಲ್ಲಿ ಬೇಸಗೆಯ ಬಿಸಿಲಿನಲ್ಲಿ ಘಟಕ ಮಲಗಿದರೆ ಚಿಂತೆಯಿಲ್ಲ. ಆಷಾಢದ ಮಳೆ ಹಗಲಿರುಳು ಸುರಿಯುವಾಗ ಮಲಗಿದರೆ ಮನೆಗಳಲ್ಲಿ ಮಲಗಿರುವವರಿಗೆ ಗಂಡಾಂತರ. ಆದಕಾರಣ ಅಪಾಯ ಹೆಚ್ಚಿದಂತೆ ಅಳತೆಗಳೂ ದಟ್ಟವಾಗುವ ಕ್ರಮವನ್ನು ಅಲ್ಲಿ ಅನುಸರಿಸಿದರು. ಸುಮ್ಮನಿರುವ ದಿನಗಳಲ್ಲಿ ಉಳಿಸಿದ ಶಕ್ತಿಯನ್ನು ಆಪತ್ತಿನ ದಿನ ಉದಾರವಾಗಿ ವೆಚ್ಚಮಾಡುವುದೇ ನಿಜವಾದ ಮಿತವ್ಯಯ. ಅದು ಜಿಪುಣತನವಲ್ಲ.

ದ್ವೀಪದ ಕಥೆಯ ಕೊನೆ

ಗ್ರೇಟ್ ಡಕ್ ದ್ವೀಪದ ಮೊದಲ ಪ್ರಯೋಗ 123 ದಿನ ನಡೆದು, ಹನ್ನೊಂದು ಲಕ್ಷಕ್ಕೂ ಮಿಕ್ಕಿ ಅಳತೆಗಳನ್ನು ಒದಗಿಸಿತು. ಎಲ್ಲವೂ ಎಣಿಸಿದಂತೆಯೇ ಆಯಿತೆಂದು ಹೇಳುವಂತಿಲ್ಲ. ಕಡಲ ಮಂಜು, ಮಳೆ ಕೆಲವು ಘಟಕಗಳ ಒಳಹೊಕ್ಕುವು. ಆರ್ದ್ರತೆಯನ್ನು ಅಳೆಯುವ ಅಂಗ ಅಸಂಬದ್ಧವಾದ ಅಂಕಿಗಳನ್ನು ಹೇಳತೊಡಗಿದರೆ, ಆ ಘಟಕ ಶೀಘ್ರದಲ್ಲಿಯೇ ಸಾಯುವುದೆಂದು ಅನಂತರ ತಿಳಿದುಬಂತು. ಕಾಗದದ ಮೇಲಿನ ಲೆಕ್ಕ ಎಷ್ಟೇ ಸರಿಯಾಗಿದ್ದರೂ, ನೀರು ಹೊಕ್ಕ ಮಂಡಲದಲ್ಲಿ ಶಕ್ತಿ ಸೋರಿಹೋಗುವುದನ್ನು ಲೆಕ್ಕ ತಡೆಯಲಾರದು. ಒಳ್ಳೆಯ ಡಬ್ಬಿಯೂ ಶಕ್ತಿಯ ಉಳಿತಾಯದ ಒಂದು ಭಾಗವೆಂದು ಸಂಶೋಧಕರು ಕಲಿತರು.

ಆ ಪ್ರಯೋಗಗಳಿಂದ ಕಲಿತ ಪಾಠ ಈಗ ಎಲ್ಲೆಡೆಯೂ ಹರಡಿದೆ. ನೀರಿನ ಮೀಟರುಗಳಿಗೂ ಹೊಲಗಳ ಉಪಕರಣಗಳಿಗೂ ಇಂದು ಬಳಸುವ ‘ಲೋರಾವ್ಯಾನ್’ ಎಂಬ ಪದ್ಧತಿಯ ಅತಿ ಮಿತವಾದ ವರ್ಗದಲ್ಲಿ, ಉಪಕರಣವು ತಾನು ಮಾತನಾಡಿದ ಮೇಲೆ ಎರಡು ಅಲ್ಪಾವಧಿಗಳ ಕಾಲ ಮಾತ್ರ ಕಿವಿ ತೆರೆಯುವುದು. ಉಳಿದ ಹೊತ್ತೆಲ್ಲ ನಿದ್ರೆ. ಅದಕ್ಕೆ ಏನನ್ನಾದರೂ ಹೇಳಬೇಕಾದ ಕೇಂದ್ರವು ಅದು ಏಳುವ ತನಕ ಕಾಯಬೇಕು. ಕೇಂದ್ರಕ್ಕೆ ವಿದ್ಯುತ್ತಿನ ಬರವಿಲ್ಲ, ಕಾಯಬಲ್ಲುದು. ಕಾಯುವ ಕೆಲಸವನ್ನು ಕಾಯಬಲ್ಲವರಿಗೆ ವಹಿಸುವುದೇ ಆ ಪದ್ಧತಿಯ ಜಾಣ್ಮೆ. ಇನ್ನು ಕೆಲವರು, ದೊಡ್ಡ ರೇಡಿಯೊ ಮಲಗಿರುವಾಗ ಅದನ್ನು ಎಬ್ಬಿಸುವುದಕ್ಕಾಗಿಯೇ ಎಚ್ಚರವಿರುವ, ಕೆಲವೇ ಮೈಕ್ರೊವಾಟುಗಳಿಂದ ನಡೆಯುವ ಚಿಕ್ಕ ಗ್ರಾಹಕವೊಂದನ್ನು ಪಕ್ಕದಲ್ಲಿಡುವ ಪ್ರಯತ್ನದಲ್ಲಿ ತೊಡಗಿದ್ದಾರೆ.

ವಿದ್ಯಾರ್ಥಿಗಳು ತಮ್ಮ ಸುತ್ತಲಿನ ಉಪಕರಣಗಳನ್ನು ಈ ದೃಷ್ಟಿಯಿಂದ ಪರೀಕ್ಷಿಸಿ ನೋಡಬಹುದು. ಯಾವುದು ಕೆಲಸ ಮಾಡುವಾಗ ಹೆಚ್ಚು ಶಕ್ತಿಯನ್ನು ಬಳಸುತ್ತದೆ, ಯಾವುದು ಕೆಲಸಕ್ಕಾಗಿ ಕಾಯುವಾಗ? ದಿನಕ್ಕೆ ಎಷ್ಟು ಗಂಟೆ ಕೆಲಸ, ಎಷ್ಟು ಗಂಟೆ ಕಾಯುವಿಕೆ? ಒಂದು ಕಾಗದ, ಒಂದು ಪೆನ್ಸಿಲು, ಒಂದು ಗುಣಾಕಾರ ಸಾಕು. ಗ್ರೇಟ್ ಡಕ್ ದ್ವೀಪದ ವಿಜ್ಞಾನಿಗಳೂ ದಿನಕ್ಕೆ 8.148 ಎಂಬ ಅಂತಹದೇ ಒಂದು ಸಣ್ಣ ಲೆಕ್ಕದಿಂದ ಆರಂಭಿಸಿದರು. ಬಿಲದೊಳಗೆ ಕೈಹಾಕದೆ ಹಕ್ಕಿಯ ಸಂಸಾರವನ್ನು ಅರಿಯಲು ಆ ಲೆಕ್ಕವೇ ದಾರಿ ಮಾಡಿಕೊಟ್ಟಿತು.